ಓಟಪಥಕ್ಕೆ ಎಟುಕುವ ಕಾರು: ಒಂದು ಸಮೀಕ್ಷೆ

ತನ್ನ ಸ್ವಂತ ಕಾರನ್ನು ವೇಗಕ್ಕೆಂದೇ ನಿರ್ಮಿತವಾದ ಓಟಪಥದಲ್ಲಿ, ಬಹುಮಾನದ ಆಸೆಯಾಗಲಿ ಸ್ಪರ್ಧೆಯ ಹಂಗಾಗಲಿ ಇಲ್ಲದೆ, ಯಂತ್ರದ ಶಕ್ತಿಯನ್ನೂ ತನ್ನ ಚಾಲನಾಕೌಶಲದ ಮಿತಿಯನ್ನೂ ಅರಿಯುವ ಏಕೈಕ ಉದ್ದೇಶದಿಂದ, ಶುಲ್ಕ ತೆತ್ತು ಓಡಿಸುವ ದಿನಕ್ಕೆ ಟ್ರ್ಯಾಕ್ ಡೇ ಎಂಬ ಹೆಸರು ರೂಢಿಯಲ್ಲಿದೆ. ಒಂದು ತಲೆಮಾರಿನ ಹಿಂದೆ ಇದು ಶ್ರೀಮಂತರ ವಿನೋದವೆಂದೇ ಜನರ ಭಾವನೆಯಾಗಿತ್ತು. ಇಂದು ಹಾಸನ, ಚನ್ನರಾಯಪಟ್ಟಣ, ಅರಕಲಗೂಡುಗಳಲ್ಲಿಯೂ, ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಯಂಥ ಹೋಬಳಿಯಲ್ಲಿಯೂ, ತೆಂಗಿನ ತೋಟದ ಅಥವಾ ಆಲೂಗೆಡ್ಡೆಯ ಫಸಲಿನ ಆದಾಯದಿಂದ, ಇಲ್ಲವೇ ಬೆಂಗಳೂರಿನ ನೌಕರಿಯ ಸಂಬಳದಿಂದ, ಹಳೆಯದೊಂದು ಕಾರನ್ನು ಕೊಂಡು ಕೊಯಮತ್ತೂರಿನ ಪಥದಲ್ಲಿ ಓಡಿಸಬೇಕೆಂದು ಹಂಬಲಿಸುವ ತರುಣರು ಉಂಟು. ಅವರೆಲ್ಲರ ಮುಂದೆ ಮೊದಲು ಬಂದು ನಿಲ್ಲುವ ಪ್ರಶ್ನೆ ಒಂದೇ: ಮಿತವಾದ ಹಣದಲ್ಲಿ ಯಾವ ಕಾರನ್ನು ಆರಿಸಬೇಕು?

ಈ ಪ್ರಶ್ನೆ ಮೇಲ್ನೋಟಕ್ಕೆ ಕೇವಲ ಕ್ರಯವಿಕ್ರಯದ ಪ್ರಶ್ನೆಯಂತೆ ತೋರಿದರೂ, ಬಲ್ಲವರು ಅದನ್ನು ಕುರಿತು ವಾದಿಸುವುದನ್ನು ಕೇಳಿದಾಗ, ವೇಗವೆಂದರೇನು, ಕೌಶಲವು ಹೇಗೆ ಲಭಿಸುತ್ತದೆ, ಅಗ್ಗವೆಂಬುದನ್ನು ಯಾವ ಅಳತೆಯಿಂದ ನಿರ್ಣಯಿಸಬೇಕು ಎಂಬ ಮೂರು ಭಿನ್ನಾಭಿಪ್ರಾಯಗಳು ಅದರ ತಳದಲ್ಲಿ ಹೆಣೆದುಕೊಂಡಿರುವುದು ಸ್ಪಷ್ಟವಾಗುತ್ತದೆ. ಆ ವಾದಗಳ ಚರಿತ್ರೆಯನ್ನೂ, ಅವುಗಳಲ್ಲಿ ಪ್ರತಿಯೊಂದೂ ಯಾವುದನ್ನು ವಿವರಿಸಬಲ್ಲದು, ಎಲ್ಲಿ ಸೋಲುತ್ತದೆ ಎಂಬುದನ್ನೂ ನಮ್ಮ ಸೀಮೆಯ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ. ನನ್ನ ಒಲವು ಯಾವ ಕಡೆಗೆಂಬುದನ್ನು ಮುಚ್ಚಿಡುವ ಇಚ್ಛೆ ನನಗಿಲ್ಲ. ಕೊಳ್ಳುವ ಬೆಲೆಯೊಂದನ್ನೇ ನೋಡಿ ಕಾರನ್ನು ಆರಿಸುವವನು ಬಹುಮಟ್ಟಿಗೆ ದುಬಾರಿಯಾದುದನ್ನೇ ಆರಿಸಿರುತ್ತಾನೆಂಬುದು ನನ್ನ ದೃಢವಾದ ನಂಬಿಕೆ.

ವಿಮಾನದಾಣದಿಂದ ಓಟಪಥಕ್ಕೆ

ಎರಡನೆಯ ಮಹಾಯುದ್ಧ ಮುಗಿದಾಗ ಇಂಗ್ಲೆಂಡಿನಲ್ಲಿ ಸೇನೆಗೆ ಬೇಡವಾದ ವಿಮಾನದಾಣಗಳು ಅನೇಕ ಉಳಿದುವು. ಸಿಲ್ವರ್‌ಸ್ಟೋನ್, ಗುಡ್‌ವುಡ್ ಮೊದಲಾದ ಪ್ರಸಿದ್ಧ ಓಟಪಥಗಳು ಹುಟ್ಟಿದುದು ಅವುಗಳಿಂದಲೇ. ದಕ್ಷಿಣ ಭಾರತದಲ್ಲಿ ನಡೆದುದೂ ಹೀಗೆಯೇ. ಮದರಾಸಿನ ಸಮೀಪದ ಶೋಲಾವರಂ ಎಂಬಲ್ಲಿ ಯುದ್ಧಕಾಲದ ವಿಮಾನದಾಣವೊಂದಿತ್ತು. ಅಲ್ಲಿ 1950ರ ದಶಕದಿಂದ ಕಾರು ಮತ್ತು ಮೋಟಾರ್ ಸೈಕಲ್ಲುಗಳ ಓಟಗಳು ಏರ್ಪಟ್ಟುವು. 1953ರಲ್ಲಿ ಸ್ಥಾಪಿತವಾದ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಅವುಗಳ ನಿರ್ವಾಹಕ ಸಂಸ್ಥೆಯಾಗಿತ್ತು. 1980ರ ದಶಕದವರೆಗೂ ದಕ್ಷಿಣದ ಮೋಟಾರು ಕ್ರೀಡೆಗೆ ಶೋಲಾವರವೇ ಕೇಂದ್ರ.

ಆ ಕಾಲದಲ್ಲಿ ಆಯ್ಕೆಯ ಕಷ್ಟವೇ ಇರಲಿಲ್ಲವೆನ್ನಬಹುದು. ಪರವಾನಗಿಯ ಯುಗದ ಭಾರತದಲ್ಲಿ ಸಾಮಾನ್ಯನಿಗೆ ಸಿಕ್ಕುತ್ತಿದ್ದ ಕಾರುಗಳು ಮುಖ್ಯವಾಗಿ ಮೂರು: ಅಂಬಾಸಡರ್, ಫಿಯೆಟ್ ಹಾಗೂ ಸ್ಟ್ಯಾಂಡರ್ಡ್ ಹೆರಾಲ್ಡ್. ಮೂರೂ ಸಂಸಾರದ ವಾಹನಗಳು. ಮೂರಕ್ಕೂ ಹಿಂಬದಿಯ ಚಕ್ರಗಳಿಗೆ ಚಾಲನೆ. ಓಟಕ್ಕೆ ಹೋಗುವವನು ಇವುಗಳಲ್ಲೊಂದನ್ನು ಬಿಚ್ಚಿ, ಭಾರವನ್ನು ಇಳಿಸಿ, ಎಂಜಿನ್ನನ್ನು ತನಗೆ ತಿಳಿದಂತೆ ಹದಗೊಳಿಸಿ, ಅದರಲ್ಲೇ ತೃಪ್ತಿ ಪಡಬೇಕಾಗಿತ್ತು.

ಈ ಸ್ಥಿತಿಯನ್ನು ಮೊದಲು ಕದಲಿಸಿದ ಕಾರು ಕರ್ನಾಟಕದಲ್ಲೇ ಹುಟ್ಟಿತೆಂಬ ಸಂಗತಿಯನ್ನು ನಾವು ಮರೆತಿರುವುದು ವಿಷಾದಕರ. ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ ಸಂಸ್ಥೆಯು 1980ರ ದಶಕದ ಆರಂಭದಲ್ಲಿ ಡಾಲ್ಫಿನ್ ಎಂಬ ಪುಟ್ಟ ಕಾರನ್ನು ಹೊರತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಕಾರು ಅದರ ಮೂಲ. ಫೈಬರ್ ಗ್ಲಾಸಿನ ಮೈ, ಎರಡು ಬಾಗಿಲು, ಅಲ್ಯೂಮಿನಿಯಮ್ಮಿನ 848 ಸಿ.ಸಿ. ಎಂಜಿನ್, ಹಿಂಬದಿಯ ಚಕ್ರಚಾಲನೆ. ತೂಕವಂತೂ ಅಂಬಾಸಡರಿನ ಸುಮಾರು ಅರ್ಧದಷ್ಟು. ಬಾಗಿಲೆರಡೇ ಎಂಬ ಕಾರಣದಿಂದಲೂ, ಫೈಬರಿನ ಮೈಯನ್ನು ನಂಬಲಾರದ ಮನೋಭಾವದಿಂದಲೂ ಸಂಸಾರಸ್ಥರು ಅದನ್ನು ಹೆಚ್ಚಾಗಿ ಆದರಿಸಲಿಲ್ಲ. ಆದರೆ ಓಟಗಾರರು ಆದರಿಸಿದರು. ತನಗಿಂತ ದೊಡ್ಡ ಎಂಜಿನ್ನಿನ ಕಾರುಗಳನ್ನು ತಿರುವುಗಳಲ್ಲಿ ಹಿಂದಿಕ್ಕಬಲ್ಲದೆಂದು ಅದು ಶೋಲಾವರಂನಲ್ಲಿಯೂ ರ‍್ಯಾಲಿಗಳಲ್ಲಿಯೂ ಹೆಸರು ಗಳಿಸಿತು. ಮುಂದೆ ನಾವು ನೋಡಲಿರುವ ಲಘುತ್ವದ ಪಕ್ಷಕ್ಕೆ ನಮ್ಮ ನಾಡಿನಲ್ಲಿ ದೊರೆತ ಮೊದಲ ಪ್ರಮಾಣವೆಂದರೆ ಈ ಡಾಲ್ಫಿನ್ನೇ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. ಅದರೊಡನೆ ಮುಂಬದಿಯ ಚಕ್ರಚಾಲನೆಯೂ, ಹಳ್ಳಿಹಳ್ಳಿಯಲ್ಲಿ ದೊರೆಯುವ ಬಿಡಿಭಾಗಗಳೂ, ನಂಬಿಕೆಗೆ ಅರ್ಹವಾದ ಎಂಜಿನ್ನೂ ಬಂದುವು. ಡಾಲ್ಫಿನ್ನಿನ ಕಾಲ ಮುಗಿಯಿತು. ಕೊಯಮತ್ತೂರಿನ ಎಸ್. ಕರಿವರ್ಧನ್ ಅವರು ಮಾರುತಿಯ ಎಂಜಿನ್ನನ್ನೇ ಬಳಸಿ ಫಾರ್ಮುಲಾ ಮಾರುತಿ ಎಂಬ ಒಂಟಿ ಆಸನದ ಓಟದ ಕಾರನ್ನು ನಿರ್ಮಿಸಿ, ಮಿತವ್ಯಯದ ಓಟವೆಂಬ ಕಲ್ಪನೆಗೆ ಆಕಾರ ಕೊಟ್ಟರು. ಭಾರತದ ಮೊದಲ ಫಾರ್ಮುಲಾ ಒನ್ ಚಾಲಕನಾದ ನಾರಾಯಣ್ ಕಾರ್ತಿಕೇಯನ್ ತಮ್ಮ ಓಟದ ಬಾಳನ್ನು ಆರಂಭಿಸಿದುದು ಅಂಥ ಕಾರಿನಲ್ಲಿ. 1990ರಲ್ಲಿ ಮದರಾಸಿನ ಕ್ಲಬ್ಬು ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟೆಯಲ್ಲಿ 3.7 ಕಿಲೋಮೀಟರ್ ಉದ್ದದ ತನ್ನದೇ ಓಟಪಥವನ್ನು ತೆರೆಯಿತು. 1995ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡ ಕರಿವರ್ಧನ್ ಅವರ ಹೆಸರಿನಲ್ಲಿ, ಕೊಯಮತ್ತೂರಿನ ಹೊರವಲಯದ ಚೆಟ್ಟಿಪಾಳೆಯಂನಲ್ಲಿ 2003ರಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಆರಂಭವಾಯಿತು. ಅದರ ಉದ್ದ 2.1 ಕಿಲೋಮೀಟರ್. 2011ರಲ್ಲಿ ಗ್ರೇಟರ್ ನೋಯ್ಡಾದ ಬುದ್ಧ ಅಂತರರಾಷ್ಟ್ರೀಯ ಪಥ 5.125 ಕಿಲೋಮೀಟರಿನ ಉದ್ದದೊಂದಿಗೆ ಸೇರಿಕೊಂಡಿತು.

ಇತ್ತ ಕರ್ನಾಟಕದ ಪರಂಪರೆ ಬೇರೊಂದು ದಾರಿ ಹಿಡಿದಿತ್ತು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿಯೂ, ಚಿಕ್ಕಮಗಳೂರಿನ ಕಾಫಿತೋಟಗಳ ಮಣ್ಣಿನ ದಾರಿಗಳಲ್ಲಿ ನಡೆಯುವ ರ‍್ಯಾಲಿಗಳೂ ನಮ್ಮ ಚಾಲಕರನ್ನೂ ಮೆಕ್ಯಾನಿಕ್ಕರನ್ನೂ ತರಬೇತುಗೊಳಿಸಿದುವು. ಹಳ್ಳದಿಣ್ಣೆಗಳನ್ನು ತಾಳುವ ಸಸ್ಪೆನ್ಷನ್, ಕಲ್ಲಿನಿಂದ ಎಂಜಿನ್ನಿನ ತಳವನ್ನು ಕಾಯುವ ತಗಡು, ನೆಲದಿಂದ ಎತ್ತರ, ಇವುಗಳ ಜ್ಞಾನ ಮಲೆನಾಡಿನ ಅಂಚಿನ ಗ್ಯಾರೇಜುಗಳಲ್ಲಿ ಯಥೇಚ್ಛವಾಗಿದೆ. ಓಟಪಥಕ್ಕೆ ಬೇಕಾದುದು ಇದಕ್ಕೆ ಬಹುಪಾಲು ವಿರುದ್ಧವಾದ ವಿದ್ಯೆ. ಹಾಸನದ ತರುಣನು ಸದುದ್ದೇಶದಿಂದಲೇ ಪಡೆಯುವ ಸಲಹೆಗಳಲ್ಲಿ ಕೆಲವು ಅವನನ್ನು ತಪ್ಪು ದಾರಿಗೆ ಒಯ್ಯುವುದಕ್ಕೆ ಇದೇ ಕಾರಣವೆಂದು ನನಗೆ ತೋರುತ್ತದೆ.

ಲಘುತ್ವದ ಪಕ್ಷ

ಹಗುರವಾದ ಕಾರೇ ಶ್ರೇಷ್ಠವೆಂಬುದು ಮೊದಲನೆಯ ಪಕ್ಷ. ಇಂಗ್ಲೆಂಡಿನ ಲೋಟಸ್ ಸಂಸ್ಥೆಯ ಸ್ಥಾಪಕ ಕಾಲಿನ್ ಚಾಪ್ಮನ್ ಈ ಮತದ ಪ್ರಸಿದ್ಧ ಪ್ರವರ್ತಕ. 1989ರಲ್ಲಿ ಜಪಾನಿನ ಮಾಜ್ದಾ ಸಂಸ್ಥೆ ಹೊರತಂದ ಮಿಯಾಟಾ ಎಂಬ ಎರಡಾಸನದ ಕಾರು ಅಮೆರಿಕದ ಸಾಮಾನ್ಯ ಓಟಗಾರನಿಗೆ ಅದೇ ಮತವನ್ನು ಅಗ್ಗದಲ್ಲಿ ಒದಗಿಸಿತು. ಆ ಕಾರು ಭಾರತದ ಮಾರುಕಟ್ಟೆಗೆ ಬರಲೇ ಇಲ್ಲ. ಇಲ್ಲಿ ಈ ಪಕ್ಷದವರು ಹೇಳುವ ಹೆಸರುಗಳು ಮಾರುತಿಯವು: 1993ರ ಜೆನ್, 1994ರ ಎಸ್ಟೀಮ್, 2005ರ ಸ್ವಿಫ್ಟ್. ಎಸ್ಟೀಮಿನ 1298 ಸಿ.ಸಿ. ಎಂಜಿನ್ನಿನ ವಂಶವೇ ಜಿಪ್ಸಿಯಲ್ಲಿಯೂ ಮೊದಲ ಸ್ವಿಫ್ಟಿನಲ್ಲಿಯೂ ಮುಂದುವರಿದುದರಿಂದ, ಅದರ ಗುಣದೋಷಗಳನ್ನು ತಿಳಿದ ಕೈಗಳು ಅರಕಲಗೂಡಿನಲ್ಲಿಯೂ ದೊರೆಯುತ್ತವೆ. ಕೊಯಮತ್ತೂರಿನ ಫಾರ್ಮುಲಾ ಎಲ್‌ಜಿಬಿ ಓಟದ ಕಾರುಗಳು ಅಳವಡಿಸಿಕೊಂಡುದೂ ಸ್ವಿಫ್ಟಿನ ಎಂಜಿನ್ನನ್ನೇ.

ಈ ಪಕ್ಷದ ತರ್ಕವು ಭೌತಶಾಸ್ತ್ರದ ಮೇಲೆ ನಿಂತಿದೆಯಾದ್ದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಉಚಿತ. ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಬರುತ್ತಿರುವ ಕಾರು ತಿರುವಿಗೆ ಮುನ್ನ 60ಕ್ಕೆ ಇಳಿಯಬೇಕೆಂದು ಭಾವಿಸೋಣ. ಚಾಲಕನನ್ನೂ ಸೇರಿಸಿ 800 ಕಿಲೋಗ್ರಾಂ ತೂಗುವ ಕಾರಾದರೆ ಅದರ ಬ್ರೇಕುಗಳು ಪ್ರತಿಸಲವೂ ಸುಮಾರು 333 ಕಿಲೋಜೂಲಿನಷ್ಟು ಚಲನಶಕ್ತಿಯನ್ನು ಶಾಖವಾಗಿ ಪರಿವರ್ತಿಸಬೇಕು. 1,150 ಕಿಲೋಗ್ರಾಮಿನ ಕಾರಾದರೆ ಸುಮಾರು 480 ಕಿಲೋಜೂಲಿನಷ್ಟು. ಒಂದು ಸುತ್ತಿನಲ್ಲಿ ಹೀಗೆ ಐದಾರು ಬಾರಿ, ಹದಿನೈದು ನಿಮಿಷಗಳ ಅವಧಿಯಲ್ಲಿ ಮತ್ತೆ ಮತ್ತೆ ಬ್ರೇಕು ಒತ್ತಿದಾಗ, ಸಂಚಾರದ ರಸ್ತೆಗೆಂದು ತಯಾರಾದ ಬ್ರೇಕ್ ಪ್ಯಾಡುಗಳು ಹಿಡಿತ ಕಳೆದುಕೊಳ್ಳುತ್ತವೆ. ಬ್ರೇಕಿನ ಎಣ್ಣೆಯೂ ಕುದಿಯತೊಡಗುತ್ತದೆ: ಡಾಟ್ 3 ದರ್ಜೆಯ ಹೊಸ ಎಣ್ಣೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ಸಿನವರೆಗೂ, ಡಾಟ್ 4 ದರ್ಜೆಯದು 230 ಡಿಗ್ರಿಯವರೆಗೂ ಕುದಿಯದಿರಬೇಕೆಂಬುದು ನಿಯಮವಾದರೂ, ಗಾಳಿಯ ತೇವವನ್ನು ಹೀರಿಕೊಂಡ ಹಳೆಯ ಎಣ್ಣೆಯ ಕುದಿಬಿಂದು ಬಹಳ ಕೆಳಗಿಳಿಯುತ್ತದೆ. ಎಣ್ಣೆಯಲ್ಲಿ ಆವಿಯ ಗುಳ್ಳೆ ಮೂಡಿತೆಂದರೆ ಪೆಡಲು ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಓಟಪಥಕ್ಕೆ ಹೊಸಬರಾದವರಿಗೆ ಎದುರಾಗುವ ಅಪಾಯಗಳಲ್ಲಿ ಇದರಷ್ಟು ಸಾಮಾನ್ಯವಾದುದೂ, ಇದರಷ್ಟು ಸುಲಭವಾಗಿ ನಿವಾರಿಸಬಹುದಾದುದೂ ಮತ್ತೊಂದಿಲ್ಲ.

ಟೈರುಗಳ ವಿಷಯವೂ ಹಾಗೆಯೇ. ಹಗುರವಾದ ಕಾರಿನ ಟೈರು ಚಿಕ್ಕದು, ಅದರ ಬೆಲೆ ಕಡಿಮೆ, ಸವೆತವೂ ಕಡಿಮೆ. ಹೀಗೆ ಲಘುತ್ವದ ಪಕ್ಷವು ಒಂದು ಮುಖ್ಯ ಸಂಗತಿಯನ್ನು ವಿವರಿಸುತ್ತದೆ: ಕೊಳ್ಳುವಾಗ ಸಮಾನ ಬೆಲೆಯಿದ್ದ ಎರಡು ಕಾರುಗಳಲ್ಲಿ ಹಗುರವಾದುದು ವರ್ಷದ ಕೊನೆಗೆ ಏಕೆ ಅಗ್ಗವಾಗಿ ಉಳಿಯುತ್ತದೆಂಬುದನ್ನು.

ಆದರೆ ಈ ಪಕ್ಷಕ್ಕೆ ಗಂಭೀರವಾದ ಆಕ್ಷೇಪವೊಂದುಂಟು. ಲಘುತ್ವವು ಎಲ್ಲಿಂದ ಬಂದಿತೆಂಬುದನ್ನೂ ಕೇಳಬೇಕಷ್ಟೆ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯು 2014ರಲ್ಲಿ ಭಾರತದ ಸಣ್ಣ ಕಾರುಗಳನ್ನು ಗೋಡೆಗೆ ಹಾಯಿಸಿ ಪರೀಕ್ಷಿಸಿದಾಗ, ಗಾಳಿಚೀಲಗಳಿಲ್ಲದ ಆಲ್ಟೊ, ಸ್ವಿಫ್ಟ್ ಮೊದಲಾದುವುಗಳಿಗೆ ಒಂದು ನಕ್ಷತ್ರವೂ ದೊರೆಯಲಿಲ್ಲ. ಅವುಗಳಿಗಿಂತ ಹಳೆಯದಾದ ಜೆನ್ ಮತ್ತು ಎಸ್ಟೀಮುಗಳ ಒಡಲು ಇನ್ನೂ ದುರ್ಬಲವೆಂದು ಊಹಿಸುವುದು ಅಸಂಗತವಲ್ಲ. ಇಪ್ಪತ್ತು ಮಳೆಗಾಲ ಕಂಡ ತಗಡಿನಲ್ಲಿ ತುಕ್ಕು ಎಲ್ಲೆಲ್ಲಿ ಅಡಗಿರುವುದೋ ಬಲ್ಲವರಾರು? ಒಳಗೆ ಉಕ್ಕಿನ ಪಂಜರವನ್ನು ಬೆಸುಗೆ ಹಾಕಿಸಿದರೆ ರಕ್ಷಣೆ ದೊರೆಯುವುದು ನಿಜ. ಆಗ ಅದು ರಸ್ತೆಯ ಕಾರಾಗಿ ಉಳಿಯುವುದಿಲ್ಲ.

ಬಲದ ಪಕ್ಷ

ಎರಡನೆಯದು ಶಕ್ತಿಶಾಲಿಯಾದ ಎಂಜಿನ್ನಿಗೇ ಪ್ರಾಧಾನ್ಯ ಕೊಡುವ ಪಕ್ಷ. 2000ದ ಹೋಂಡಾ ಸಿಟಿ ವಿಟೆಕ್, 2001ರ ಫಿಯೆಟ್ ಪಾಲಿಯೊ 1.6, ಮಿತ್ಸುಬಿಶಿ ಸೀಡಿಯಾ ಇವು ಇದರ ಹಳೆಯ ಆದರ್ಶಗಳು. 105 ಅಶ್ವಶಕ್ತಿಯ ಪೋಲೊ ಜಿಟಿ ಟಿಎಸ್ಐ, 145 ಅಶ್ವಶಕ್ತಿಯ ಪುಂಟೊ ಅಬಾರ್ತ್, 120 ಅಶ್ವಶಕ್ತಿಯ ಐ20 ಎನ್ ಲೈನ್, 2024ರ ಆಲ್ಟ್ರೋಜ್ ರೇಸರ್ ಇವು ಹೊಸವು. ಕೊಯಮತ್ತೂರಿನ ಜಯೆಂ ಸಂಸ್ಥೆಯ ಸಹಯೋಗದಿಂದ ಟಾಟಾ ಸಂಸ್ಥೆ 2018ರಲ್ಲಿ ಹೊರತಂದ ಟಿಯಾಗೊ ಜೆಟಿಪಿ ಅಲ್ಪಾಯುಷಿಯಾದರೂ ಇಂದಿಗೂ ಹುಡುಕಿ ಕೊಳ್ಳುವವರಿರುವ ಕಾರು.

ಬುದ್ಧ ಪಥದಂತೆ ಒಂದು ಕಿಲೋಮೀಟರಿಗೂ ಮೀರಿದ ನೇರ ಹಾದಿಯಿರುವಲ್ಲಿ ಸಣ್ಣ ಎಂಜಿನ್ನಿನ ಕಾರು ಏದುಸಿರು ಬಿಡುವುದೆಂಬುದನ್ನೂ, ಹಿಂದಿನಿಂದ ಬರುವ ಬಲಶಾಲಿ ಕಾರುಗಳಿಗೆ ದಾರಿ ಬಿಟ್ಟುಕೊಡುವುದರಲ್ಲೇ ಅದರ ಚಾಲಕನ ಲಕ್ಷ್ಯವೆಲ್ಲ ವ್ಯಯವಾಗುವುದೆಂಬುದನ್ನೂ ಈ ಪಕ್ಷ ಸರಿಯಾಗಿ ವಿವರಿಸುತ್ತದೆ. ಆದರೆ ನಮ್ಮ ಚಾಲಕನು ಹೋಗುವುದು ಉತ್ತರದ ಆ ಪಥಕ್ಕಲ್ಲ. ಚೆಟ್ಟಿಪಾಳೆಯಂನ 2.1 ಕಿಲೋಮೀಟರಿನಲ್ಲಿ ನೇರ ಹಾದಿ ಮುಗಿಯುವುದು ಬೇಗ, ತಿರುವು ಬರುವುದು ಬೇಗ. ಮೇಲಾಗಿ ವೇಗವನ್ನು 120ರಿಂದ 130ಕ್ಕೆ ಏರಿಸಿದ ಮಾತ್ರಕ್ಕೆ ಅದೇ ಕಾರಿನ ಚಲನಶಕ್ತಿ ಶೇಕಡಾ 17ರಷ್ಟು ಹೆಚ್ಚುವುದರಿಂದ, ಬಲವನ್ನು ಕೊಂಡವನು ಬ್ರೇಕನ್ನೂ ಟೈರನ್ನೂ ಮತ್ತೆ ಕೊಳ್ಳಲೇಬೇಕು. ಟರ್ಬೊ ಎಂಜಿನ್ನುಗಳು ನಮ್ಮ ಬೇಸಿಗೆಯಲ್ಲಿ ಕೆಲವೇ ಸುತ್ತುಗಳಲ್ಲಿ ಕಾದು ಬಲ ಕುಗ್ಗಿಸಿಕೊಳ್ಳುವುದೂ ಉಂಟು. ಮೊದಲ ಕಾರಿಗೆ ಈ ಪಕ್ಷವನ್ನು ಅನುಸರಿಸುವುದು ವಿವೇಕವೆಂದು ನಾನು ಎಣಿಸುವುದಿಲ್ಲ.

ಇಲ್ಲಿಯೇ ಹೇಳಬೇಕಾದ ಉಪವಿವಾದವೊಂದಿದೆ. ಹಿಂಬದಿಯ ಚಕ್ರಚಾಲನೆಯಿಲ್ಲದೆ ಕಾರಿನ ಸಮತೋಲವನ್ನು ಕಲಿಯಲಾಗದೆಂದು ಕೆಲವರು ಹೇಳುವರು. ತತ್ತ್ವದಲ್ಲಿ ಇದಕ್ಕೆ ಆಧಾರವಿದೆ. ಮುಂಬದಿಯ ಎರಡೇ ಚಕ್ರಗಳು ಎಳೆಯುವುದನ್ನೂ ತಿರುಗುವುದನ್ನೂ ನಿಲ್ಲಿಸುವುದನ್ನೂ ಮಾಡಬೇಕಾದಾಗ ಅವು ಬೇಗ ದಣಿಯುತ್ತವೆ, ಕಾರು ತಿರುವಿನ ಹೊರಗೆ ಜಾರುತ್ತದೆ. ಆದರೆ ಭಾರತದಲ್ಲಿ ಹಗುರವೂ ಅಗ್ಗವೂ ಸುಲಭಲಭ್ಯವೂ ಆಗಿದ್ದು ಓಟಪಥಕ್ಕೂ ಒಗ್ಗುವ ಹಿಂಬದಿ ಚಾಲನೆಯ ಕಾರು ಡಾಲ್ಫಿನ್ನಿನ ಅನಂತರ ಬರಲಿಲ್ಲವೆನ್ನಬಹುದಾದ್ದರಿಂದ, ಈ ವಾದ ಬಹುಮಟ್ಟಿಗೆ ನಿರರ್ಥಕ.

ಏಕರೂಪತೆಯ ಪಕ್ಷ

ಮೂರನೆಯ ಪಕ್ಷದ ಪ್ರಕಾರ ಯಾವ ಕಾರೆಂಬುದು ಮುಖ್ಯವಲ್ಲ, ಅದೇ ಕಾರನ್ನು ಇತರರೂ ಓಡಿಸುತ್ತಿರಬೇಕೆಂಬುದು ಮುಖ್ಯ. ಎಲ್ಲರ ಯಂತ್ರವೂ ಒಂದೇ ಆದಾಗ ಸುತ್ತಿನ ಕಾಲದಲ್ಲಿ ಕಾಣುವ ವ್ಯತ್ಯಾಸವೆಲ್ಲ ಚಾಲಕನದೇ. ಭಾರತದಲ್ಲಿ ಈ ತತ್ತ್ವಕ್ಕೆ ವ್ಯಾಪಕ ರೂಪ ಕೊಟ್ಟುದು ಫೋಕ್ಸ್‌ವ್ಯಾಗನ್ ಸಂಸ್ಥೆ 2010ರಲ್ಲಿ ಆರಂಭಿಸಿದ ಪೋಲೊ ಕಪ್. ಅದಾದ ಕೆಲವೇ ವರ್ಷಗಳಲ್ಲಿ ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯು ತನ್ನ ಎಟಿಯೋಸ್ ಕಾರುಗಳ ಓಟವನ್ನು ಏರ್ಪಡಿಸಿ, ಹೊಸಬರನ್ನು ಆರಿಸಿ ತರಬೇತು ಕೊಟ್ಟು ಓಡಿಸಿತು.

ಎಟಿಯೋಸನ್ನು ಕುರಿತು ಕೆಲವು ಮಾತು ಹೆಚ್ಚಾಗಿಯೇ ಹೇಳಬೇಕೆನಿಸುತ್ತದೆ. 2010ರ ಡಿಸೆಂಬರಿನಲ್ಲಿ ಬಿಡುಗಡೆಯಾಗಿ 2020ರಲ್ಲಿ ನಿಂತುಹೋದ ಈ ಕಾರು, ಟ್ಯಾಕ್ಸಿಯೆಂದೇ ಖ್ಯಾತಿವೆತ್ತು, ಆ ಖ್ಯಾತಿಯಿಂದಲೇ ಉಪೇಕ್ಷೆಗೂ ಗುರಿಯಾಯಿತು. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಚನ್ನರಾಯಪಟ್ಟಣವನ್ನು ಹಾದು ಹೋಗುವ ಬಾಡಿಗೆ ಕಾರುಗಳಲ್ಲಿ ಇದನ್ನು ಕಾಣದ ದಿನವಿಲ್ಲ. ಅವುಗಳಲ್ಲಿ ಹೆಚ್ಚಿನವು ಡೀಸೆಲಿನವು. ಪೆಟ್ರೋಲಿನ ಎಟಿಯೋಸಾದರೋ 1.5 ಲೀಟರಿನ, 90 ಅಶ್ವಶಕ್ತಿಯ ಎಂಜಿನ್ನನ್ನು ಸುಮಾರು 900 ಕಿಲೋಗ್ರಾಂಗಳಷ್ಟೇ ತೂಗುವ ಒಡಲಿನಲ್ಲಿ ಇರಿಸಿಕೊಂಡಿದೆ. ಲಘುತ್ವದ ಪಕ್ಷದವರೂ ಬಲದ ಪಕ್ಷದವರೂ ಒಟ್ಟಿಗೆ ಒಪ್ಪಬಹುದಾದ ಪ್ರಮಾಣ ಇದು. ಹಗುರವಾದರೂ ದುರ್ಬಲವಲ್ಲ: 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷಿಸಿದಾಗ ಗಾಳಿಚೀಲಗಳಿದ್ದ ಎಟಿಯೋಸಿಗೆ ವಯಸ್ಕರ ರಕ್ಷಣೆಯಲ್ಲಿ ನಾಲ್ಕು ನಕ್ಷತ್ರಗಳು ದೊರೆತುವು. ಬಿಡಿಭಾಗಗಳಿಗಂತೂ ಕೊರತೆಯೇ ಇಲ್ಲ. ಇದರ ಒಳಾಂಗಣದ ಬಡತನವನ್ನು ಹೀಯಾಳಿಸಿದ ಪತ್ರಿಕೆಗಳು ಅದರ ತೂಕದ ಲೆಕ್ಕವನ್ನು ಗಮನಿಸಲಿಲ್ಲವೆಂಬುದು ನನ್ನ ಹಳೆಯ ಅಸಮಾಧಾನ.

ಏಕರೂಪತೆಯ ಪಕ್ಷದ ದೌರ್ಬಲ್ಯವೆಂದರೆ ಅದು ಸಂಸ್ಥೆಗಳ ಉದಾರತೆಯನ್ನು ಅವಲಂಬಿಸಿರುವುದು. ಎಟಿಯೋಸ್ ಓಟ ಕೆಲವೇ ವರ್ಷ ಬಾಳಿತು. ಪೋಲೊ ಕಾರಿನ ತಯಾರಿಕೆಯೇ 2022ರಲ್ಲಿ ನಿಂತಿತು. ಆದರೂ ಆ ಓಟಗಳಿಂದ ಉಳಿದ ಜ್ಞಾನ, ಯಾವ ಪ್ಯಾಡು ತಾಳುತ್ತದೆ, ಯಾವ ಟೈರಿಗೆ ಎಷ್ಟು ಗಾಳಿ ಎಂಬಂಥ ಜ್ಞಾನ, ಓಟ ನಿಂತ ಮೇಲೂ ಕಾರಿನೊಡನೆ ಉಳಿಯುತ್ತದೆ. ಹಳೆಯ ಕಾರನ್ನು ಕೊಳ್ಳುವವನಿಗೆ ಇದೊಂದು ದೊಡ್ಡ ಲಾಭ.

ಮನೆಯ ಕಾರು, ಬಾಡಿಗೆಯ ಕಾರು

ಉಳಿದ ಎರಡು ಪಕ್ಷಗಳನ್ನು ಸಂಕ್ಷೇಪವಾಗಿ ನೋಡಬಹುದು. ಪ್ರತ್ಯೇಕ ಕಾರೇ ಬೇಡ, ಮನೆಯಲ್ಲಿರುವುದನ್ನೇ ಒಯ್ಯಿರಿ ಎಂಬುದು ಒಂದು. ಮೊದಲ ಒಂದೆರಡು ಬಾರಿಗೆ ಇದು ಸಾಧುವಾದ ಮಾತೇ. ಆದರೆ ಮದುವೆಗೂ ಆಸ್ಪತ್ರೆಗೂ ಶಾಲೆಗೂ ಅದೇ ಕಾರು ಬೇಕಾದ ಮನೆಯಲ್ಲಿ, ಪಥದಲ್ಲಿ ಕೆಟ್ಟುನಿಂತ ಕಾರು ಒಂದು ಕುಟುಂಬದ ತೊಂದರೆಯಾಗುತ್ತದೆ; ಹಾಗೆ ಹೆದರುತ್ತ ಓಡಿಸುವವನು ಕಲಿಯುವುದೂ ಅಲ್ಪವೇ.

ಕೊಳ್ಳಲೇಬೇಡಿ, ಬಾಡಿಗೆಗೆ ಓಡಿಸಿ ಎಂಬುದು ಮತ್ತೊಂದು. ಕೊಯಮತ್ತೂರು ಮತ್ತು ಮದರಾಸುಗಳ ತರಬೇತಿ ಶಾಲೆಗಳಲ್ಲಿ ಒಂಟಿ ಆಸನದ ಕಾರುಗಳನ್ನು ಶಿಕ್ಷಕರ ಮೇಲ್ವಿಚಾರಣೆಯಲ್ಲಿ ಓಡಿಸಬಹುದು. ಬೆಂಗಳೂರಿನ ಕಾರ್ಟಿಂಗ್ ಅಂಗಣಗಳಲ್ಲಿ ಇನ್ನೂ ಕಡಿಮೆ ವೆಚ್ಚದಲ್ಲಿ ಸರಿಯಾದ ರೇಖೆ ಹಿಡಿಯುವುದನ್ನು ಅಭ್ಯಸಿಸಬಹುದು. ಅಂತರರಾಷ್ಟ್ರೀಯ ಓಟಗಳಲ್ಲಿ ಹೆಸರಾದ ಬೆಂಗಳೂರಿನ ಅರ್ಜುನ್ ಮೈನಿ, ಕುಶ್ ಮೈನಿ ಸಹೋದರರು ಆರಂಭಿಸಿದುದೂ ಕಾರ್ಟಿಂಗಿನಿಂದಲೇ. ಕಲಿಕೆಯೇ ಗುರಿಯಾದವನಿಗೆ ಈ ಪಕ್ಷವನ್ನು ಖಂಡಿಸುವುದು ಕಷ್ಟ. ತನ್ನ ಕೈಯಾರೆ ಬಿಚ್ಚಿ ಜೋಡಿಸಿದ ಕಾರಿನಲ್ಲಿ ಸುತ್ತು ಮುಗಿಸುವ ಸಂತೋಷಕ್ಕೆ ಮಾತ್ರ ಅದು ಸ್ಥಾನ ಕೊಡುವುದಿಲ್ಲ; ಆ ಸಂತೋಷಕ್ಕಾಗಿಯೇ ಬಹಳ ಮಂದಿ ಈ ಹವ್ಯಾಸಕ್ಕೆ ಬರುತ್ತಾರೆ.

ಅಗ್ಗವೆಂಬುದರ ಲೆಕ್ಕ

ಬೂಕನಬೆಟ್ಟದ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನು ಹಲ್ಲನ್ನೂ ನಡಿಗೆಯನ್ನೂ ನೋಡಿ ಬೆಲೆ ಕುದುರಿಸುವಾಗಲೂ, ವರ್ಷವಿಡೀ ಅದಕ್ಕೆ ಹಾಕಬೇಕಾದ ಹುಲ್ಲು ಹಿಂಡಿಗಳ ಲೆಕ್ಕವನ್ನು ಮನಸ್ಸಿನಲ್ಲಿ ಕಟ್ಟುತ್ತಲೇ ಇರುತ್ತಾನೆ. ಕಾರಿನ ವಿಷಯದಲ್ಲಿ ಆ ಲೆಕ್ಕ ಹೀಗಿದೆ. ಹಾಸನದಿಂದ ಮೈಸೂರು, ಚಾಮರಾಜನಗರ, ಸತ್ಯಮಂಗಲಗಳ ಮಾರ್ಗವಾಗಿ ಕೊಯಮತ್ತೂರಿಗೆ ಸುಮಾರು 320 ಕಿಲೋಮೀಟರ್. ನಡುವೆ ದಿಂಬಂ ಘಾಟಿಯ 27 ಕಡಿದಾದ ತಿರುವುಗಳೂ, ಹುಲಿ ರಕ್ಷಿತಾರಣ್ಯದ ರಾತ್ರಿ ಸಂಚಾರದ ನಿರ್ಬಂಧವೂ ಇರುವುದರಿಂದ ಹಿಂದಿನ ದಿನವೇ ಹೊರಟು ವಸತಿ ಮಾಡಬೇಕು. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರು ಹೋಗಿಬರಲು 43 ಲೀಟರ್ ಪೆಟ್ರೋಲು ಕುಡಿಯುತ್ತದೆ. ಪಥದ ಮೇಲೆ ಲೀಟರಿಗೆ ಐದಾರೇ ಕಿಲೋಮೀಟರ್ ಕೊಟ್ಟರೂ, ನೂರು ಕಿಲೋಮೀಟರ್ ಓಟಕ್ಕೆ 20 ಲೀಟರಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಎಂದರೆ ಓಟಕ್ಕಿಂತ ಪ್ರಯಾಣಕ್ಕೇ ಇಮ್ಮಡಿ ಇಂಧನ. ಮದರಾಸಿನ ಪಥಕ್ಕಾದರೆ ಹಾಸನದಿಂದ ದೂರ 450 ಕಿಲೋಮೀಟರಿಗೂ ಹೆಚ್ಚು.

ಇದರಿಂದ ಒಂದು ಮುಖ್ಯ ನಿಷ್ಕರ್ಷೆ ಹೊರಡುತ್ತದೆ. ಬೆಂಗಳೂರಿನ ಧನಿಕನು ತನ್ನ ಓಟದ ಕಾರನ್ನು ಲಾರಿಯ ಮೇಲೇರಿಸಿ ಕಳುಹಿಸಬಲ್ಲ. ಹಳೇಕೋಟೆಯ ಚಾಲಕನ ಕಾರು ತಾನೇ ಓಡಿಕೊಂಡು ಹೋಗಿ, ದಿನವೆಲ್ಲ ದುಡಿದು, ತಾನೇ ಓಡಿಕೊಂಡು ಮನೆಗೆ ಬರಬೇಕು. ಆದಕಾರಣ ಅವನ ಕಾರಿಗೆ ನೋಂದಣಿ ಸಿಂಧುವಾಗಿರಬೇಕು, ಗಾಳಿಚೀಲ ಬೆಲ್ಟುಗಳು ನೆಟ್ಟಗಿರಬೇಕು, ಪ್ಯಾಡುಗಳು ತಣ್ಣಗಿರುವಾಗಲೂ ಹಿಡಿಯಬೇಕು. ಶುದ್ಧ ಓಟದ ಕಾರಿನ ಕಡೆಗೆ ವಾಲುವ ಸಲಹೆಗಳೆಲ್ಲ ಈ ಒಂದು ಷರತ್ತಿನ ಮುಂದೆ ನಿಲ್ಲಲಾರವು.

ಕಾನೂನಿನ ಹೊರೆಯೂ ಲೆಕ್ಕಕ್ಕೆ ಸೇರಬೇಕು. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಗಳಿಂದ 5,000ಕ್ಕೆ ಏರಿತು. ಇಪ್ಪತ್ತು ವರ್ಷ ಮೀರಿದುವುಗಳಿಗೆ 2025ರಲ್ಲಿ ಅದು 10,000 ಆಯಿತು. ಎಸ್ಟೀಮು ಜೆನ್ನುಗಳ ಅಗ್ಗದ ಬೆಲೆ ಇದರಿಂದ ಕರಗುತ್ತ ಬಂದಿದೆ. ವಿಮೆಯ ಸಾಮಾನ್ಯ ಷರತ್ತುಗಳು ಸಂಘಟಿತ ಓಟವನ್ನೂ ವೇಗಪರೀಕ್ಷೆಯನ್ನೂ ರಕ್ಷಣೆಯ ಹೊರಗಿಡುವುದರಿಂದ, ಪಥದಲ್ಲಿ ಆದ ಹಾನಿ ಪೂರ್ತಿ ಮಾಲೀಕನ ಪಾಲಿನದೆಂದೇ ತಿಳಿದಿರಬೇಕು. ಕಳೆದುಕೊಂಡರೆ ತಡೆದುಕೊಳ್ಳಲಾಗದ ಬೆಲೆಯ ಕಾರನ್ನು ಪಥಕ್ಕೆ ಒಯ್ಯಬಾರದೆಂಬ ಹಿರಿಯ ಚಾಲಕರ ಮಾತಿಗೆ ಇದೇ ಆಧಾರ.

ಹೀಗೆ ಲೆಕ್ಕ ಹಾಕಿದಾಗ ನನಗೆ ಯೋಗ್ಯವೆಂದು ತೋರುವುದು ಎರಡು: ಗಾಳಿಚೀಲಗಳಿರುವ ಪೆಟ್ರೋಲು ಎಟಿಯೋಸ್, ಅದು ದೊರೆಯದಿದ್ದರೆ ಗಾಳಿಚೀಲಗಳೂ ಎಬಿಎಸ್ಸೂ ಇರುವ ಪೆಟ್ರೋಲು ಸ್ವಿಫ್ಟ್. ಎರಡಕ್ಕೂ ಮೊದಲು ಮಾಡಿಸಬೇಕಾದುದು ಹೊಸ ಡಾಟ್ 4 ಎಣ್ಣೆ, ಶಾಖ ತಾಳುವ ಮುಂಬದಿಯ ಪ್ಯಾಡು, ನಾಲ್ಕು ಒಳ್ಳೆಯ ಟೈರು, ಹೊಸ ಕೂಲೆಂಟು. ಎಂಜಿನ್ನನ್ನು ಮುಟ್ಟಬೇಕಾಗಿಲ್ಲ.

ಇನ್ನೂ ಇತ್ಯರ್ಥವಾಗದ ಸಂಗತಿಗಳು

ಮಾರ್ಪಾಡಿನ ಪ್ರಶ್ನೆ ಇನ್ನೂ ತೊಡಕಾಗಿಯೇ ಉಳಿದಿದೆ. ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವೂ, ತಯಾರಕರು ನಿಗದಿಪಡಿಸಿದ ಮೂಲ ಲಕ್ಷಣಗಳನ್ನು ಬದಲಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪೂ ಇರುವಾಗ, ಚಾಲಕನ ಪ್ರಾಣ ಉಳಿಸಬಹುದಾದ ಪಂಜರವನ್ನೂ ನಾಲ್ಕು ಕೊಂಡಿಯ ಬೆಲ್ಟನ್ನೂ ರಸ್ತೆಯ ಕಾರಿನಲ್ಲಿ ಎಲ್ಲಿಯವರೆಗೆ ಅಳವಡಿಸಬಹುದೆಂಬುದಕ್ಕೆ ಸರಳವಾದ ಉತ್ತರವಿಲ್ಲ. ರಕ್ಷಣೆಗಾಗಿ ಮಾಡಿದ ಮಾರ್ಪಾಡನ್ನೂ ಆಡಂಬರಕ್ಕಾಗಿ ಮಾಡಿದುದನ್ನೂ ಕಾನೂನು ಬೇರ್ಪಡಿಸಬೇಕೆಂಬುದು ನನ್ನ ಅಭಿಪ್ರಾಯ.

ಜಾರುವಿಕೆಯನ್ನು ತಾನೇ ತಡೆಯುವ ವಿದ್ಯುನ್ಮಾನ ಸಾಧನಗಳು ಕಲಿಯುವವನಿಗೆ ಸಹಾಯವೋ ಅಡ್ಡಿಯೋ ಎಂಬಲ್ಲಿಯೂ ಶಿಕ್ಷಕರಲ್ಲಿ ಒಮ್ಮತವಿಲ್ಲ. ಅವು ತಪ್ಪನ್ನು ಮರೆಮಾಡುತ್ತವೆಂದು ಒಂದು ಗುಂಪು, ತಪ್ಪಿನಿಂದ ಬದುಕಿ ಉಳಿದವನಷ್ಟೇ ಕಲಿಯಬಲ್ಲನೆಂದು ಇನ್ನೊಂದು. ವಿದ್ಯುತ್ ಕಾರುಗಳ ಸ್ಥಾನವೂ ಅನಿಶ್ಚಿತ. 2001ರಲ್ಲಿ ಬೆಂಗಳೂರು ರೇವಾ ಕಾರನ್ನು ಕೊಟ್ಟಿತು, 2023ರ ಫೆಬ್ರವರಿಯಲ್ಲಿ ಹೈದರಾಬಾದಿನ ಬೀದಿಗಳಲ್ಲಿ ಫಾರ್ಮುಲಾ ಇ ಓಟ ನಡೆಯಿತು. ಆದರೂ ಬ್ಯಾಟರಿಯ ಭಾರ, ಅದು ಬಿಸಿಯೇರುವುದು, ಪಥದ ಬಳಿ ಚಾರ್ಜಿಂಗ್ ವ್ಯವಸ್ಥೆಯ ಕೊರತೆ ಇವು ಮಿತವ್ಯಯದ ಚಾಲಕನನ್ನು ದೂರವಿಟ್ಟಿವೆ. ಹಳೆಯ ವಿದ್ಯುತ್ ಕಾರುಗಳು ಅಗ್ಗವಾಗಿ ಕೈಗೆ ಬರುವ ಕಾಲಕ್ಕೆ ಲಘುತ್ವದ ಪಕ್ಷ ಏನು ಹೇಳುವುದೆಂದು ಕಾದು ನೋಡಬೇಕು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಕಾರಿನದಲ್ಲ, ಪಥದ್ದು. ಡಾಲ್ಫಿನ್, ರೇವಾ, ಎಟಿಯೋಸುಗಳನ್ನು ನಿರ್ಮಿಸಿದ ಕರ್ನಾಟಕಕ್ಕೆ ಮದರಾಸು ಕೊಯಮತ್ತೂರುಗಳ ಪಥಗಳಿಗೆ ಸಮನಾದ ಓಟಪಥ ಇಂದಿಗೂ ಇಲ್ಲ. ಬೆಂಗಳೂರು ಮಂಗಳೂರುಗಳ ನಡುವೆ ಎರಡು ಕಿಲೋಮೀಟರಿನ ಸಾಧಾರಣ ಪಥವೊಂದು ಇದ್ದಿದ್ದರೆ, ಮೇಲೆ ಹೇಳಿದ ಇಂಧನದ ಲೆಕ್ಕವೆಲ್ಲ ತಲೆಕೆಳಗಾಗಿ, ಇನ್ನೂ ಹಳೆಯ, ಇನ್ನೂ ಅಗ್ಗದ ಕಾರುಗಳೂ ಅಂಗೀಕಾರಾರ್ಹವಾಗುತ್ತಿದ್ದುವು. ಅದಕ್ಕೆ ಸರ್ಕಾರ ಮುಂದೆ ಬರಬೇಕೋ, ಕ್ಲಬ್ಬುಗಳೋ, ಕಾರ್ಖಾನೆಗಳೋ ಎಂಬುದು ಇನ್ನೂ ನಿರ್ಧಾರವಾಗಿಲ್ಲ.

ಅಲ್ಲಿಯವರೆಗೆ ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಪಥ ದೂರವಿದೆಯೆಂದು ಹಾಸನದ ಬೈಪಾಸನ್ನಾಗಲಿ ಹೊಳೆನರಸೀಪುರದ ರಸ್ತೆಯನ್ನಾಗಲಿ ಅದಕ್ಕೆ ಬದಲಾಗಿ ಬಳಸಬೇಡಿ. ಸಾರ್ವಜನಿಕ ಸ್ಥಳದಲ್ಲಿ ವೇಗದ ಸ್ಪರ್ಧೆ ನಡೆಸುವುದು ಕಾಯಿದೆಯ 189ನೆಯ ಪ್ರಕರಣದ ಪ್ರಕಾರ ಅಪರಾಧ, ಮೊದಲ ಬಾರಿಗೆ ಮೂರು ತಿಂಗಳವರೆಗಿನ ಸೆರೆ ಅಥವಾ 5,000 ರೂಪಾಯಿಗಳವರೆಗಿನ ದಂಡ ಅಥವಾ ಎರಡೂ. ಚೆಟ್ಟಿಪಾಳೆಯಂಗೆ ಹೋಗುವ ಮುನ್ನ ಬ್ರೇಕಿನ ಎಣ್ಣೆಯನ್ನು ಬದಲಿಸಿಕೊಳ್ಳಿ.